ಬಾಕ್ಸ್ ಯೂನಿಟ್ ನಡೆಸೋರಿಗೆ: ಫೈರ್ ಪಾಲಿಸಿ, ಜಿಎಸ್‌ಟಿ ಮತ್ತು ನನ್ನ ಅನುಭವ

ಪೀಣ್ಯದಲ್ಲಿ ನಮ್ದು ಸಣ್ಣ ಕಾರುಗೇಟೆಡ್ ಬಾಕ್ಸ್ (ರಟ್ಟಿನ ಡಬ್ಬ) ಯೂನಿಟ್. ಕ್ರಾಫ್ಟ್ ಅನ್ನೋ ಕಂದು ಪೇಪರ್ ರೀಲ್ ತಂದು ಶೀಟ್ ಮಾಡಿ, ಪ್ರಿಂಟ್ ಹಾಕಿ, ಮಡಚೋಕೆ ಕಟ್ ಹಾಕಿ (ಸ್ಲಾಟಿಂಗ್), ಪಿನ್ ಹೊಡೆದು ಕೊಡೋ ಕೆಲಸ. ಸುತ್ತಮುತ್ತ ಎಲ್ಲಾ ಪೇಪರೇ ಇರೋದ್ರಿಂದ ಫೈರ್ ಪಾಲಿಸಿ ಇಲ್ಲದೆ ಶೆಟರ್ ಎತ್ತೋ ಹಾಗೇ ಇಲ್ಲ, ಸಿಸಿ ಲಿಮಿಟ್ (ಕ್ಯಾಶ್ ಕ್ರೆಡಿಟ್ ಸಾಲ) ಇದ್ರೆ ಬ್ಯಾಂಕಿನೋರೂ ಬಿಡಲ್ಲ. ರಿನ್ಯೂವಲ್ ಬಂದಾಗೆಲ್ಲ ಪ್ರೀಮಿಯಂ ಏರ್ತಾನೇ ಇತ್ತು, ಅದರ ಮೇಲೆ 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಗಿ ಲೆಕ್ಕವೆಲ್ಲ ಮತ್ತೆ ಹಾಕೋ ಹಾಗಾಯ್ತು.

ಮೊದಲು ಪಾಲಿಸಿ ವಿಷಯ. ಬಿಲ್ಡಿಂಗ್, ಮೆಷಿನ್, ಸ್ಟಾಕ್ ಎಲ್ಲಾ ಸೇರಿ ಒಂದೇ ಜಾಗದಲ್ಲಿ 5 ಕೋಟಿ ಒಳಗಿದ್ರೆ ನಿಮಗೆ ಸಿಗೋದು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2021ರ ಏಪ್ರಿಲ್‌ನಿಂದ ತಂದಿದ್ದು. ಯಾವ ಕಂಪನಿ ಹತ್ರ ಹೋದ್ರೂ ಇದರ ಮೂಲ ಕವರ್ ಒಂದೇ, ಹಾಗಾಗಿ ರೇಟ್ ಹೋಲಿಸೋದು ಸುಲಭ. ನಾನು ಬ್ಯಾಂಕ್ ಕೊಟ್ಟ ಕೋಟೇಶನ್ನೇ ಕೊನೆ ಅಂತ ಬಿಡದೆ ಬ್ರೋಕರ್ ಒಬ್ಬರನ್ನ ಹಿಡಿದು ಬೇರೆ ಕಂಪನಿಗಳಿಂದಾನೂ ತರಿಸಿದೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿದ್ರೆ ಸಾಕು, ಅವರು ಹೇಳಿದ ಕಂಪನೀಲೇ ಮಾಡಿಸ್ಬೇಕು ಅಂತೇನಿಲ್ಲ.

ಕೋಟೇಶನ್ ಕೇಳೋ ಮುಂಚೆ ಶೆಡ್ ಸರಿ ಮಾಡಿಸಿದೆ. ಸ್ಲಾಟಿಂಗ್ ಮೆಷಿನ್ ಕೆಳಗೆ ಬೀಳೋ ಟ್ರಿಮ್ಮಿಂಗ್ ಸಂಜೆವರೆಗೂ ಗುಡ್ಡೆ ಬೀಳ್ತಿತ್ತು, ಎರಡು ಮಾರು ದೂರದಲ್ಲೇ ಮೇನ್ ಪ್ಯಾನೆಲ್ ಬೋರ್ಡು. ಈಗ ಊಟದ ಟೈಮಿಗೊಂದ್ಸಲ, ಶಿಫ್ಟ್ ಮುಗಿಯೋವಾಗ ಒಂದ್ಸಲ ತೆಗೆದು ಬೇಲ್ ಕಟ್ಟಿ ಶೆಡ್ ಹೊರಗೆ ಹಾಕ್ತೀವಿ. ಹಳೇ ವೈರಿಂಗ್ ಬದಲಾಯಿಸಿ, ಎಕ್ಸ್‌ಟಿಂಗ್ವಿಷರ್ ರೀಫಿಲ್ ಮಾಡಿಸಿ, ಅದರ ಬಿಲ್ಲು ಫೋಟೋ ಎಲ್ಲಾ ಪ್ರೊಪೋಸಲ್ ಜೊತೆ ಇಟ್ಟೆ. ಇದಕ್ಕೆ ಸಿಗೋ ಡಿಸ್ಕೌಂಟ್ ದೊಡ್ಡದಲ್ಲ, ಆದ್ರೆ ಪೇಪರ್ ಯೂನಿಟ್ ಅಂದ ತಕ್ಷಣ ಹಿಂದೆ ಸರಿಯೋ ಕಂಪನಿಗಳೂ ಕೋಟೇಶನ್ ಕೊಟ್ಟವು.

ಪ್ರೀಮಿಯಂ ಇಳಿಸೋಕೆ ಅಂತ ಸ್ಟಾಕ್ ಕಮ್ಮಿ ತೋರಿಸ್ಬೇಡಿ, ದಯವಿಟ್ಟು. 80 ಲಕ್ಷದ ಮಾಲಿಗೆ 40 ಲಕ್ಷ ಮಾತ್ರ ಬರೆಸಿದ್ರೆ, 10 ಲಕ್ಷದ್ದು ಸುಟ್ರೂ ಕೈಗೆ ಬರೋದು 5 ಲಕ್ಷ. ಸೂಕ್ಷ್ಮದಲ್ಲಿ 15% ವರೆಗಿನ ಕೊರತೆ ಲೆಕ್ಕಕ್ಕೆ ತಗೊಳ್ಳಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಕಟ್ ಮಾಡ್ತಾರೆ. ಇನ್ನೊಂದು ವಿಷಯ ತುಂಬಾ ಜನ ಗಮನಿಸಲ್ಲ: ಮಾಲು ಸುಟ್ಟುಹೋದ್ರೆ ಅದರ ಮೇಲೆ ತಗೊಂಡಿದ್ದ ಐಟಿಸಿ (ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿಗೆ ಸಿಗೋ ಕ್ರೆಡಿಟ್) ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ರಿವರ್ಸ್ ಮಾಡ್ಬೇಕು, ಅಂದ್ರೆ ಬಿಟ್ಟುಕೊಡ್ಬೇಕು. ಸ್ಟಾಕ್ ಬೆಲೇನ ಜಿಎಸ್‌ಟಿ ಬಿಟ್ಟು ಬರೆಸಿದ್ರೆ ಆ ದುಡ್ಡು ನಮ್ಮ ಜೇಬಿಂದಾನೇ ಹೋಗೋದು, ಅದಕ್ಕೆ ನಾನು ಜಿಎಸ್‌ಟಿ ಸೇರಿಸೇ ಬರೆಸಿ, ಹಾಗಂತ ಪಾಲಿಸಿಯಲ್ಲಿ ನಮೂದಿಸಿದೀನಿ. ಕ್ರಾಫ್ಟ್ ಪೇಪರ್ ಮೇಲಿನ ತೆರಿಗೆ 12ರಿಂದ 18% ಆಯ್ತಲ್ಲ, ಅಷ್ಟೇ ಪೇಪರ್ ಇಟ್ಕೊಂಡಿದ್ರೂ ಇನ್ಶೂರ್ ಮಾಡಿಸೋ ಮೊತ್ತ ಏರಿತು.

ಈಗ ನಿಜವಾಗಿ ಹೊಟ್ಟೆ ಉರಿಸೋ ವಿಷಯಕ್ಕೆ ಬರ್ತೀನಿ. ಪೇಪರ್ 18% ಆಯ್ತು, ನಾವು ಮಾರೋ ಬಾಕ್ಸ್ ಮಾತ್ರ 12ರಿಂದ 5%ಗೆ ಇಳೀತು. ಕಟ್ಟಿದ ತೆರಿಗೆ ಜಾಸ್ತಿ, ವಸೂಲಿ ಮಾಡೋದು ಕಮ್ಮಿ, ಕ್ರೆಡಿಟ್ ಲೆಡ್ಜರ್‌ನಲ್ಲಿ ದುಡ್ಡು ಕೂತ್ಬಿಡುತ್ತೆ. ಹೀಗೆ ಕಚ್ಚಾ ಮಾಲಿಗೆ ಜಾಸ್ತಿ, ಮಾರೋದಕ್ಕೆ ಕಮ್ಮಿ ತೆರಿಗೆ ಇದ್ದಾಗ ಸಿಗೋ ಇನ್ವರ್ಟೆಡ್ ಡ್ಯೂಟಿ ರಿಫಂಡ್‌ಗೆ ಆರ್‌ಎಫ್‌ಡಿ-01 ಅರ್ಜಿ ಹಾಕ್ಬಹುದು, ಆದ್ರೆ ರೂಲ್ 89(5)ರ ಫಾರ್ಮುಲಾದಲ್ಲಿ ಎಣಿಸೋದು ಕಚ್ಚಾ ಮಾಲಿನ ಐಟಿಸಿ ಮಾತ್ರ, ಸರ್ವೀಸ್‌ದೂ ಮೆಷಿನ್‌ದೂ ಇಲ್ಲ. ಇನ್ಶೂರೆನ್ಸ್ ಸರ್ವೀಸ್ ತಾನೇ? ಪ್ರೀಮಿಯಂ ಒಂದು ಲಕ್ಷ ಇದ್ರೆ ಅದರ ಮೇಲಿನ 18% ಜಿಎಸ್‌ಟಿ, ಅಂದ್ರೆ 18,000ದಲ್ಲಿ ಬಹುಪಾಲು ಅಲ್ಲೇ ಉಳಿಯುತ್ತೆ. 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ನಿಯಮ ಎತ್ತಿಹಿಡಿದಿದೆ, ಹಾಗಾಗಿ ಕೋರ್ಟಿಂದ ಏನೋ ಆಗುತ್ತೆ ಅಂತ ಕಾಯೋಕೂ ಆಗಲ್ಲ.

ನಾನು ಮಾಡಿದ್ದೇನಂದ್ರೆ, ಇನ್ಶೂರೆನ್ಸ್, ಜಾಬ್ ವರ್ಕ್, ಆಡಿಟ್ ಇಂಥ ಸರ್ವೀಸ್ ಬಿಲ್ಲುಗಳನ್ನ ಟ್ಯಾಲಿಯಲ್ಲಿ ಬೇರೆ ಲೆಡ್ಜರ್ ಮಾಡಿ, ಅದರ ಜಿಎಸ್‌ಟಿನ ವಾಪಸ್ ಬರೋ ದುಡ್ಡು ಅಂತ ನಂಬದೆ ಖರ್ಚು ಅಂತ್ಲೇ ಇಟ್ಕೊಂಡು ಬಾಕ್ಸ್ ಮಾರೋ ಕೆಜಿ ರೇಟಿಗೆ ಸೇರಿಸಿದೆ. ತೆರಿಗೆ ಇಳೀತಲ್ಲ, ರೇಟ್ ಕಮ್ಮಿ ಮಾಡಿ ಅಂದ ಪಾರ್ಟಿಗಳಿಗೆ ಈ ಶೀಟನ್ನೇ ಮುಂದೆ ಇಟ್ಟೆ, ಕೆಲವರು ಒಪ್ಪಿದ್ರು, ಕೆಲವರು ಬೇರೆ ಕಡೆ ಹೋದ್ರು.

ಸಿಕ್ಕಿದ್ದೂ ಇದೆ. ಸಾಮಾನು ಸಾಗಿಸೋ ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ ಮೇಲಿನ ಜಿಎಸ್‌ಟಿ 12ರಿಂದ 5% ಆಯ್ತು. 2022ರಲ್ಲಿ ನಿಗದಿಯಾದ 16,049 ರೂಪಾಯಿ ದರಕ್ಕೆ ಲೆಕ್ಕ ಹಾಕಿದ್ರೆ ಸಾವಿರದ ನೂರು ಚಿಲ್ಲರೆ ಉಳಿಯುತ್ತೆ. ಮನೆಯವರ ಹೆಲ್ತ್ ಪಾಲಿಸಿಗೆ ತೆರಿಗೆ ಪೂರ್ತಿ ಹೋಯ್ತು, ಅದೇ ನಮ್ಮ ಹುಡುಗರಿಗೆ ಗ್ರೂಪ್ ಪಾಲಿಸಿ ಮಾಡಿಸಿದ್ರೆ ಈಗಲೂ 18%. ಮನೆಯವರಿಗೆ ಬಿಟ್ಟಿದ್ದನ್ನ ಕೆಲಸದವರಿಗೆ ಯಾಕೆ ಬಿಡಲ್ಲ ಅಂತ ನಂಗೆ ಅರ್ಥ ಆಗಲ್ಲ. ಸೂಕ್ಷ್ಮ ಪಾಲಿಸಿಗಾದ್ರೂ 5% ಮಾಡ್ಲಿ, ಇಲ್ಲಾಂದ್ರೆ ರಿಫಂಡ್ ಫಾರ್ಮುಲಾಕ್ಕೆ ಸರ್ವೀಸ್‌ನೂ ಸೇರಿಸ್ಲಿ, ಎರಡರಲ್ಲಿ ಒಂದಾದ್ರೂ ನಮ್ಮಂಥ ಯೂನಿಟ್‌ಗೆ ಉಸಿರಾಡೋಕಾಗುತ್ತೆ. ನಮ್ಮ ಏರಿಯಾದ ಬಾಕ್ಸ್‌ನೋರೆಲ್ಲ ಸೇರಿ ಇದನ್ನೇ ಮನವಿ ಕೊಡೋಣ ಅಂತಿದೀವಿ, ನಿಮ್ಮ ಹತ್ರ ಪ್ರೀಮಿಯಂ ಬಿಲ್ಲು, ಲೆಡ್ಜರ್ ಬ್ಯಾಲೆನ್ಸ್ ಇದ್ರೆ ತಗೊಂಡ್ಬನ್ನಿ, ಬರೀ ಮಾತಿಗಿಂತ ಅಂಕಿ ಇದ್ರೆ ಕೇಳ್ತಾರೆ.