ಟಿವಿ ಪಂಡಿತರ ಮಾತಿಗೊಂದು ಖಾತೆ

ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಹತ್ತಿ ಸೀಸನ್ ಮುಗಿದರೆ ಮಧ್ಯಾಹ್ನ ಬಿಡುವು. ಅಂಗಡಿಯ ಟಿವಿಯಲ್ಲಿ ಶೇರು ಮಾರುಕಟ್ಟೆಯ ಚಾನೆಲ್ ಓಡುತ್ತಲೇ ಇರುತ್ತದೆ. ಕೋಟು ಹಾಕಿದವರು ಬಂದು ನಿಫ್ಟಿ (ಐವತ್ತು ದೊಡ್ಡ ಕಂಪನಿಗಳ ಶೇರು ದರದ ಸೂಚ್ಯಂಕ) ಎಲ್ಲಿಗೆ ಮುಟ್ಟುತ್ತದೆ ಅಂತ ಹೇಳಿ ಹೋಗುತ್ತಾರೆ. ಹೇಳಿದ್ದು ಆಯ್ತೋ ಇಲ್ವೋ ಅಂತ ಯಾರೂ ತಿರುಗಿ ನೋಡುವುದಿಲ್ಲ. ದಿನಾ ಬಾಕಿ ತಾಳೆ ಹಾಕುವ ನನಗೆ ಇದು ಸರಿ ಕಾಣಲಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ತಂದು ಗೆರೆ ಹಾಕಿದೆ.

ತಾರೀಖು, ಹೇಳಿದವರ ಹೆಸರು, ಆ ದಿನದ ನಿಫ್ಟಿ, ಅವರು ಹೇಳಿದ ಮಟ್ಟ, ಗಡುವು. ಕೊನೆಯ ಕಾಲಂ ಖಾಲಿ. ಗಡುವಿನ ದಿನ ಮಾರುಕಟ್ಟೆ ಎಷ್ಟರಲ್ಲಿ ಮುಚ್ಚಿತು ಅಂತ ಅಲ್ಲಿ ತುಂಬಿಸುತ್ತೇನೆ. ಎಲ್ಲಾ ಪೆನ್ನಿನಲ್ಲೇ.

ತೊಂದರೆ ಶುರುವಾದದ್ದು ಗಡುವಿನ ಕಾಲಂನಲ್ಲಿ. "ಮುಂದಿನ ದಿನಗಳಲ್ಲಿ" ಅಂದರೆ ಯಾವತ್ತು? "24,000 ಮೇಲೆ ನಿಂತರೆ 24,500, ಮುರಿದರೆ 23,500" ಅಂದರೆ ಎಲ್ಲಿ ಬರೆಯಲಿ? ಏರಿದರೂ ಅವರದೇ ಸರಿ, ಇಳಿದರೂ ಅವರದೇ ಸರಿ. ಇಂಥವನ್ನು ನೋಟ್‌ಬುಕ್‌ನ ಹಿಂದಿನಿಂದ ಬರೆಯುತ್ತಾ ಬಂದೆ. ಹಿಂದಿನ ಪುಟಗಳೇ ಬೇಗ ತುಂಬಿದವು.

ಹೋಲಿಸಿ ನೋಡಲು ಒಬ್ಬ ಎದುರಾಳಿಯೂ ಬೇಕಲ್ವಾ? ನಾನೇ ಒಬ್ಬನನ್ನು ಹುಟ್ಟಿಸಿದೆ. ಹೆಸರು ಏರಪ್ಪ. ಯಾವಾಗ ಕೇಳಿದರೂ ಅವನದು ಒಂದೇ ಮಾತು, "ಏರುತ್ತೆ". ತಮಾಷೆ ಅಲ್ಲ, ಅವನು ಗಟ್ಟಿ ಆಸಾಮಿ. ಮುಂಬೈ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 1978-79ರಲ್ಲಿ 100 ಅಂತ ಇಟ್ಟುಕೊಂಡು ಶುರುವಾದ ಲೆಕ್ಕ, 2024ರ ಜುಲೈನಲ್ಲಿ 80,000 ದಾಟಿತು. ಹಾಗಿರುವಾಗ ವರ್ಷದ ಗಡುವು ಇಟ್ಟುಕೊಂಡು ಸುಮ್ನೆ "ಏರುತ್ತೆ" ಅಂದವನೇ ಜಾಸ್ತಿ ಸಲ ಗೆಲ್ಲುತ್ತಾನೆ. ಪಂಡಿತರದು ಹತ್ತಕ್ಕೆ ಆರು ಸರಿಯಾದರೆ ಸಾಲದು, ಏರಪ್ಪನನ್ನು ಮೀರಬೇಕು. ನನ್ನ ಪುಸ್ತಕದಲ್ಲಿ ವರ್ಷದ ಲೆಕ್ಕಕ್ಕೆ ಅವನನ್ನು ಮೀರಿದವರು ತೀರಾ ಕಡಿಮೆ. ವಾರದ ಗಡುವಿನಲ್ಲಿ ಅವನೂ ಅಷ್ಟೇ, ಅವರೂ ಅಷ್ಟೇ, ಹೆಚ್ಚು ಕಡಿಮೆ ಅರ್ಧಕ್ಕರ್ಧ.

2024ರ ಜೂನ್ ಪುಟ ನನಗೆ ಬಹಳ ಇಷ್ಟ. 1ನೇ ತಾರೀಖು ಲೋಕಸಭೆ ಚುನಾವಣೆಯ ಎಕ್ಸಿಟ್ ಪೋಲ್ ಬಂತು. ಸೋಮವಾರ, 3ಕ್ಕೆ, ಸೆನ್ಸೆಕ್ಸ್ 2,500 ಅಂಕ ಏರಿ 76,468ಕ್ಕೆ ಮುಚ್ಚಿತು. ಅವತ್ತು ಬರೆದುಕೊಂಡದ್ದೆಲ್ಲಾ "ಇನ್ನೂ ಮೇಲೆ". ಮರುದಿನ ಮತ ಎಣಿಕೆ. 4,389 ಅಂಕ ಬಿದ್ದು 72,079. ಅವತ್ತು ಸಂಜೆ ಬರೆದುಕೊಂಡದ್ದು "ಇನ್ನೂ ಕೆಳಗೆ, ಕಾಯಿರಿ". ಶುಕ್ರವಾರ, 7ಕ್ಕೆ, 76,693. ಮೇಲೆ ಅಂದವರಿಗೆ ಮರುದಿನವೇ, ಕೆಳಗೆ ಅಂದವರಿಗೆ ಶುಕ್ರವಾರ, ಹೀಗೆ ಒಂದೇ ವಾರದಲ್ಲಿ ಎರಡೂ ಕಡೆಯವರಿಗೆ ಕೆಂಪು ಗೆರೆ ಬಿತ್ತು.

ನಮ್ಮ ಸಾವುಕಾರ್ರು ಒಮ್ಮೆ ಇದನ್ನು ನೋಡಿ ನಕ್ಕರು. "ಏನಪಾ, ಟಿವಿಯವರದೂ ಖಾತೆ ತೆಗೆದೀ? ಅವರಿಗೇನು ಉದ್ರಿ ಕೊಟ್ಟೀವೇನು?" ಆಮೇಲೆ ಪುಟ ತಿರುವುತ್ತಾ ಅಂದರು, "ಹತ್ತಿದೂ ಹಿಂಗ ಬರಿಬೇಕಿತ್ತು ನೋಡು." 2022ರಲ್ಲಿ ಹತ್ತಿ ಕ್ವಿಂಟಲ್‌ಗೆ 10 ಸಾವಿರ ದಾಟಿತ್ತು. ಆ ದರ ಮತ್ತೆ ಬರುತ್ತದೆ ಅಂತ ಮುಂದಿನ ಬೆಳೆಯನ್ನು ಮನೆಯಲ್ಲೇ ಇಟ್ಟುಕೊಂಡು ಕೂತ ರೈತರಿದ್ದರು. ದರ ಇಳಿಯಿತು. ಬರುತ್ತದೆ ಅಂತ ಅವರಿಗೆ ಹೇಳಿದವರು ಯಾರು? ಯಾವ ಪುಸ್ತಕದಲ್ಲೂ ಇಲ್ಲ.

ಈ ಲೆಕ್ಕವನ್ನು ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲೇ ಮಾಡಿದ್ದಾರೆ. ಸಿಎಕ್ಸ್‌ಒ ಅಡ್ವೈಸರಿ ಎಂಬ ಸಂಸ್ಥೆ 2005ರಿಂದ 2012ರವರೆಗೆ ಅಲ್ಲಿನ 68 ಪಂಡಿತರ 6,582 ಭವಿಷ್ಯಗಳನ್ನು ತಾಳೆ ನೋಡಿತು. ಸರಿಯಾದವು ಸುಮಾರು ಶೇ 47. ಅವರಲ್ಲಿ ಬಹಳ ಹೆಸರು ಮಾಡಿದವರೂ ಇದ್ದರು.

ಹಾಗಂತ ಟಿವಿ ಆರಿಸಿಲ್ಲ. ಕಂಪನಿಯ ಸಾಲ ಎಷ್ಟು, ಮಾರಾಟ ಎಲ್ಲಿ ಬಿತ್ತು, ಕಚ್ಚಾ ಮಾಲಿನ ದರ ಏನಾಯಿತು ಅಂತ ಹೇಳುವಾಗ ಅವರು ಚೆನ್ನಾಗಿಯೇ ಹೇಳುತ್ತಾರೆ. ಅಷ್ಟನ್ನು ಕೇಳುತ್ತೇನೆ. ಮಟ್ಟ, ತಾರೀಖು ಬಂದಾಗ ಪೆನ್ನು ತೆಗೆಯುತ್ತೇನೆ. ಶೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ 2014ರ ನಿಯಮದ ಪ್ರಕಾರ ನೋಂದಾಯಿತ ವಿಶ್ಲೇಷಕರು ತಾವು ಹೇಳುವ ಶೇರು ತಮ್ಮ ಕೈಯಲ್ಲಿದ್ದರೆ ಅದನ್ನು ತಿಳಿಸಬೇಕು. ತಿಳಿಸಿದರೆ ಹೆಸರಿನ ಪಕ್ಕ "ಸರಕಿದೆ" ಅಂತ ಗುರುತು ಹಾಕುತ್ತೇನೆ. ಗೋದಾಮಿನಲ್ಲಿ ಹತ್ತಿ ಪೇರಿಸಿಟ್ಟವನು ದರ ಏರುತ್ತದೆ ಅನ್ನುವುದನ್ನು ಗಂಜ್‌ನಲ್ಲಿ ದಿನಾ ಕೇಳುತ್ತೇವಲ್ಲ.

ನೀವೂ ಬರೆದು ನೋಡುವುದಾದರೆ ಎಲ್ಲರನ್ನೂ ಹಿಡಿಯಬೇಡಿ, ಕೈ ಸೋಲುತ್ತದೆ. ನಿಮಗೆ ತುಂಬಾ ನಂಬಿಕೆ ಇರುವ ಒಬ್ಬರನ್ನು ಆರಿಸಿಕೊಳ್ಳಿ. ಅವರು ಗಡುವು ಹೇಳದಿದ್ದರೆ ನೀವೇ ಒಂದು ವರ್ಷ ಅಂತ ಹಾಕಿಕೊಳ್ಳಿ. ಪಕ್ಕದಲ್ಲಿ ಏರಪ್ಪನಿಗೂ ಒಂದು ಸಾಲು ಬಿಡಿ.