ಕೀಲ್ ಎತ್ತುವ ಹಾಯಿದೋಣಿಗೆ ಟ್ರೇಲರ್ ಹೊಂದಿಸಿದ್ದು

ನನ್ನದು ಕ್ಯಾಟಲೀನಾ 22 ಹಾಯಿದೋಣಿ. ಕೀಲ್, ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಯುವ ಭಾರದ ರೆಕ್ಕೆ, ಎತ್ತಿ ಇಳಿಸಬಹುದಾದ ಮಾದರಿ. ಎರಕದ ಕಬ್ಬಿಣದ ಆ ಕೀಲ್ ಒಂದೇ ಸುಮಾರು 250 ಕೆಜಿ ತೂಗುತ್ತದೆ. ಇಳಿಸಿದಾಗ ದೋಣಿಗೆ 5 ಅಡಿ ನೀರು ಬೇಕು, ಎತ್ತಿದರೆ 2 ಅಡಿ ಸಾಕು. ಟ್ರೇಲರ್ ಮೇಲೆ ಹಾಕಿ ಬೇಕಾದ ನೀರಿಗೆ ಒಯ್ಯಬಹುದು ಅನ್ನುವುದೇ ಇಂಥ ದೋಣಿಯ ದೊಡ್ಡ ಸುಖ. ಮೋಟಾರ್ ಬೋಟ್ ಹೊರುತ್ತಿದ್ದ ಒಂದು ಟ್ರೇಲರ್ ತಂದು ನಾನೇ ಇದಕ್ಕೆ ಹೊಂದಿಸಿಕೊಂಡೆ.

ಇಂಥ ದೋಣಿಯಲ್ಲಿ ಎರಡು ಭಾರ ಇರುತ್ತವೆ, ಅವನ್ನು ಬೇರೆ ಬೇರೆಯಾಗಿಯೇ ಹೊರಬೇಕು. ದೋಣಿಯ ಭಾರ, ತಳವನ್ನು ಎರಡೂ ಬದಿಯಲ್ಲಿ ಹೊರುವ ಉದ್ದ ಹಲಗೆಗಳಿಗೆ, ಅಂದರೆ ಬಂಕ್ ಹಲಗೆಗಳಿಗೆ ಹೋಗಬೇಕು. ಕೀಲ್‌ನ ಭಾರ ನಡುವಿನ ಕೀಲ್ ಹಲಗೆಗೆ. ಕೀಲ್ ಎತ್ತಿಟ್ಟಿದ್ದೇನೆ, ಕೇಬಲ್ ಹಿಡಿದುಕೊಂಡಿದೆ ಅಂತ ಹಾಗೇ ರಸ್ತೆಗೆ ಇಳಿದರೆ, ಪ್ರತಿ ಗುಂಡಿಯಲ್ಲೂ 250 ಕೆಜಿ ಕಬ್ಬಿಣ ಕುಣಿಯುತ್ತದೆ. ಆ ಏಟು ಬೀಳುವುದು ಕೀಲ್ ತಿರುಗುವ ಮುಂದಿನ ಪಿನ್ನಿಗೆ, ಅದನ್ನು ಎತ್ತುವ ಹಿಂದಿನ ಕೇಬಲ್ಲಿಗೆ, ಕೇಬಲ್ ಸುತ್ತಿದ ವಿಂಚಿಗೆ. ಈ ಮೂರರಲ್ಲಿ ಯಾವುದು ಸೋತರೂ ರಿಪೇರಿ ಸುಲಭವಲ್ಲ.

ಮೊದಲು ತೂಕದ ಲೆಕ್ಕ ಹಾಕಿದೆ. ಕಂಪನಿ ಹೇಳುವ ತೂಕ ಖಾಲಿ ದೋಣಿಯದು. ನನ್ನದರಲ್ಲಿ ಮೋಟಾರ್, ಪೆಟ್ರೋಲ್, ಬ್ಯಾಟರಿ, ಲಂಗರು, ಹಾಯಿ, ಹಾಯಿಕಂಬ ಎಲ್ಲ ಸೇರಿ 1,300 ಕೆಜಿ ಹತ್ತಿರ ಬಂತು. ಟ್ರೇಲರ್‌ದು ಇನ್ನೊಂದು 350. ಹಾಗಾಗಿ ಒಟ್ಟು 2,000 ಕೆಜಿ ತಾಳುವ ಟ್ರೇಲರನ್ನೇ ಆರಿಸಿದ್ದೆ. ಇಲ್ಲಿ ಕೈ ಬಿಗಿ ಮಾಡಬೇಡಿ.

ಆಮೇಲೆ ಕೀಲ್ ಹಲಗೆ. ಟ್ರೇಲರ್‌ನ ಅಡ್ಡಪಟ್ಟಿಗಳ ಮೇಲೆ ಉದ್ದಕ್ಕೆ ಒಂದು ದಪ್ಪ ಹಲಗೆ ಕೂರಿಸಿ, ಮೇಲೆ ಕಾರ್ಪೆಟ್ ಹೊದಿಸಿದೆ. ಕೀಲ್ ಪಕ್ಕಕ್ಕೆ ಜಾರದಂತೆ ಎರಡೂ ಅಂಚಿಗೆ ಪಟ್ಟಿ ಹೊಡೆದೆ. ಹಲಗೆಯ ಎತ್ತರವನ್ನು ತುಂಬಾ ಎಚ್ಚರದಿಂದ ನೋಡಬೇಕು. ಕೀಲ್ ಪೂರ್ತಿ ಎತ್ತಿದಾಗ ಅದರ ತಳಕ್ಕೂ ಹಲಗೆಗೂ ನಡುವೆ ಒಂದೆರಡು ಇಂಚು ಜಾಗ ಉಳಿಯಬೇಕು. ಹಲಗೆ ಅದಕ್ಕಿಂತ ಎತ್ತರವಾದರೆ ದೋಣಿಯ ಭಾರವೆಲ್ಲ ಕೀಲ್ ಮೇಲೆ ಕೂತು, ಅದನ್ನು ಮೇಲಕ್ಕೆ ಒತ್ತುತ್ತದೆ. ತುಂಬಾ ತಗ್ಗಾದರೆ ಕೀಲನ್ನು ಜಾಸ್ತಿ ಇಳಿಸಬೇಕಾಗುತ್ತದೆ.

ಬಂಕ್ ಹಲಗೆಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ದೋಣಿಯ ತಳ ಎಲ್ಲ ಕಡೆ ಒಂದೇ ಗಟ್ಟಿ ಇರುವುದಿಲ್ಲ. ಒಳಗೆ ಅಡ್ಡಗೋಡೆ ಇರುವ ಕಡೆ ಗಟ್ಟಿ, ಉಳಿದ ಕಡೆ ಒತ್ತಿದರೆ ಬಳುಕುತ್ತದೆ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಸದ್ದಿನಲ್ಲೇ ಗೊತ್ತಾಗುತ್ತದೆ, ಟೊಳ್ಳು ಸದ್ದು ನಿಂತ ಕಡೆ ಅಡ್ಡಗೋಡೆ. ಅಲ್ಲಲ್ಲಿ ಟೇಪ್ ಅಂಟಿಸಿ ಗುರುತು ಮಾಡಿದೆ. ಬಂಕ್ ಹೊರುವ ಬ್ರಾಕೆಟ್‌ಗಳನ್ನು ಆ ಗುರುತುಗಳ ಕೆಳಗೇ ತಂದೆ. ಹಲಗೆಗಳನ್ನು ಹಿಂದಕ್ಕೆ, ದೋಣಿಯ ಹಿಂಗೋಡೆಯವರೆಗೂ ಎಳೆದೆ. ಮೋಟಾರ್ ತೂಗುವುದು ಅಲ್ಲೇ ಅಲ್ವಾ, ಅಲ್ಲಿ ಆಸರೆ ಬೇಕೇ ಬೇಕು.

ಕ್ರೇನ್ ಪಟ್ಟಿಗಳಲ್ಲಿ ದೋಣಿಯನ್ನು ತೂಗಿಸಿ, ಟ್ರೇಲರ್ ಕೆಳಗೆ ತಳ್ಳಿ, ಸರಿಯಾದ ಎತ್ತರಕ್ಕೆ ಇಳಿಸಿಸಿದೆ. ಯು-ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಸಣ್ಣ ಜಾಕ್ ಕೊಟ್ಟು ಹೊರಬದಿಯಿಂದ ಬಂಕನ್ನು ಮೇಲೆತ್ತಿದೆ. ತಳಕ್ಕೂ ಕಾರ್ಪೆಟ್‌ಗೂ ನಡುವೆ ಕಾಗದದ ಚೂರು ತೂರಿಸಿ ಎಳೆದು ನೋಡುತ್ತಿದ್ದೆ. ಮುಂದಿನಿಂದ ಹಿಂದಿನವರೆಗೆ ಕಾಗದ ಒಂದೇ ಬಿಗಿಯಲ್ಲಿ ಬಂದರೆ ಬಂಕ್ ಸರಿಯಾಗಿ ಕೂತಿದೆ ಅಂತ ಅರ್ಥ. ಆಗ ಬೋಲ್ಟ್ ಬಿಗಿದೆ. ಈ ಕೆಲಸದ ಹೊತ್ತಿನಲ್ಲಿ ಕೀಲ್ ಕೆಳಗೆ ಮರದ ದಿಮ್ಮಿ ಇಟ್ಟಿರಬೇಕು. ಬರೀ ಕೇಬಲ್ ನಂಬಿ ಅದರ ಕೆಳಗೆ ಕೈ, ತಲೆ ಹಾಕಲೇಬೇಡಿ.

ಮುಂದಿನದು ಟ್ರೇಲರ್ ಮೂತಿಯ ಭಾರ. ಗಾಡಿಯ ಕೊಂಡಿ ಮೇಲೆ ಕೂರುವ ತೂಕ ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನ ಹಾಗೆ ಓಲಾಡುತ್ತದೆ. ಜಾಸ್ತಿಯಾದರೆ ಗಾಡಿಯ ಹಿಂಬದಿ ಕುಸಿದು ಸ್ಟೀರಿಂಗ್ ಹಗುರಾಗುತ್ತದೆ. ನಾನು ಒಟ್ಟು ತೂಕದ ಶೇಕಡಾ 8ರ ಸುತ್ತ, ಅಂದರೆ 130 ಕೆಜಿ ಇಟ್ಟುಕೊಂಡೆ. ನನ್ನ ಗಾಡಿಯ ಕೊಂಡಿ ಅಷ್ಟನ್ನು ತಾಳುತ್ತದೆ, ನಿಮ್ಮದರ ಮಿತಿ ನೋಡಿಕೊಳ್ಳಿ. ಅಳೆದದ್ದು ಮನೆಯ ತೂಕದ ಯಂತ್ರದಲ್ಲೇ. ಗಟ್ಟಿ ತೊಲೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು 120 ಸೆಂ.ಮೀ. ದೂರದಲ್ಲಿ ಯಂತ್ರದ ಮೇಲೆ. ಇಟ್ಟಿಗೆಯಿಂದ 40 ಸೆಂ.ಮೀ.ನಲ್ಲಿ ಮೂತಿ ಕೂರಿಸಿದೆ. ಯಂತ್ರ ತೋರಿಸಿದ್ದನ್ನು 3ರಿಂದ ಗುಣಿಸಿದರೆ ಆಯಿತು, ತೊಲೆಯ ತೂಕವನ್ನು ಮೊದಲೇ ಕಳೆದಿಟ್ಟುಕೊಳ್ಳಬೇಕು. ಟ್ರೇಲರ್ ಮಟ್ಟವಾಗಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ತೂಕ ಕಡಿಮೆ ಬಂದಿದ್ದರಿಂದ, ದೋಣಿಯನ್ನು ಎಳೆದು ಹಿಡಿಯುವ ಟ್ರೇಲರ್‌ನ ವಿಂಚ್ ಕಂಬವನ್ನು ಸ್ವಲ್ಪ ಮುಂದೆ ಸರಿಸಿ, ದೋಣಿಯನ್ನೂ ಮುಂದೆ ಎಳೆದೆ. ಆಮೇಲೆ ಬ್ರಾಕೆಟ್‌ಗಳನ್ನೂ ಅಷ್ಟೇ ಮುಂದೆ ತಂದು ಕಾಗದದ ಪರೀಕ್ಷೆ ಮತ್ತೆ ಮಾಡಿದೆ. ಬೇಜಾರಿನ ಕೆಲಸ, ಆದರೂ ಬಿಡುವಂತಿಲ್ಲ.

ಹಿಂದೆ ಎರಡು ನೆಟ್ಟಗಿನ ಪೈಪ್ ನಿಲ್ಲಿಸಿದ್ದೇನೆ. ಟ್ರೇಲರ್ ನೀರಲ್ಲಿ ಮುಳುಗಿದಾಗ ಅವೇ ದಾರಿ ತೋರಿಸುತ್ತವೆ. ಗಾಳಿ ಪಕ್ಕದಿಂದ ಬೀಸಿದರೂ ದೋಣಿ ನಡುವಿಗೇ ಬರುತ್ತದೆ.

ಈಗ ನಾನು ಪಾಲಿಸುವ ಕ್ರಮ ಇಷ್ಟು. ದೋಣಿ ಹತ್ತಿಸುವ ಮೊದಲು ಕೀಲ್ ಪೂರ್ತಿ ಮೇಲೆ. ನೀರಿಂದ ಹೊರಬಂದ ಮೇಲೆ ಕೇಬಲ್ ಸಡಿಲಿಸಿ ಕೀಲನ್ನು ಹಲಗೆಗೆ ಇಳಿಸುತ್ತೇನೆ. ಮತ್ತೆ ನೀರಿಗೆ ಹೋಗುವಾಗ ಟ್ರೇಲರ್ ಹಿಂದೆ ಬಿಡುವ ಮೊದಲೇ ವಿಂಚ್ ತಿರುಗಿಸಿ ಕೇಬಲ್ ಬಿಗಿ ಮಾಡುತ್ತೇನೆ. ಅದನ್ನು ಮರೆತರೆ ದೋಣಿ ತೇಲಿದ ಕ್ಷಣದಲ್ಲೇ ಕೀಲ್ ಧಡ್ ಅಂತ ಸಡಿಲವಿದ್ದಷ್ಟು ಕೆಳಗೆ ಬೀಳುತ್ತದೆ. ದೂರದಿಂದ ಬಂದಿದ್ದರೆ ಚಕ್ರದ ಹಬ್ ತಣಿಯುವವರೆಗೆ ಕಾಯುತ್ತೇನೆ, ಬಿಸಿ ಹಬ್ ತಣ್ಣೀರಿಗೆ ಇಳಿದರೆ ಒಳಗೆ ನೀರೆಳೆದುಕೊಂಡು ಬೇರಿಂಗ್ ಕೆಡಿಸುತ್ತದೆ. ಹಾಯಿಕಂಬ ನಿಲ್ಲಿಸುವ ಮುಂಚೆ ತಲೆಯೆತ್ತಿ ಕರೆಂಟ್ ತಂತಿ ಇದೆಯಾ ನೋಡುವುದಂತೂ ಪ್ರತಿ ಸಲ.

ಹೊಸದಾಗಿ ಹೊಂದಿಸಿದ ಟ್ರೇಲರ್ ಆದರೆ ಮೊದಲ ಸಲ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ. ಮರ ಒತ್ತಿಕೊಂಡು ಕೂತಿರುತ್ತದೆ, ಯು-ಬೋಲ್ಟ್‌ಗಳು ಸಡಿಲವಾಗಿರುತ್ತವೆ. ಎಲ್ಲವನ್ನೂ ಇನ್ನೊಮ್ಮೆ ಬಿಗಿದು ಮುಂದೆ ಹೋಗಿ.