ಎರಡು ಡಬ್ಬಿ, ಒಂದು ಕಾಫಿ ಬೀಜ: ರಘು ದೀಕ್ಷಿತ್ ಹಾಡುಗಳಿಗೆ ಮತ ಹಾಕಿಸಿದ ನನ್ನ ಅನುಭವ

ಕೊನೆಗೂ ಆಯ್ತು. ರಘು ದೀಕ್ಷಿತ್ ಹಾಡುಗಳಲ್ಲಿ ಯಾವುದು ಮೇಲೆ ಅಂತ ನಮ್ಮ ಚಿಕ್ಕಮಗಳೂರಿನ ಗುಂಪು ನಾಲ್ಕು ವರ್ಷದಿಂದ ಕಿತ್ತಾಡುತ್ತಿತ್ತು. ಈಗ ಎರಡು ಊರಲ್ಲಿ ಕೇಳಿದರೂ ಹೆಚ್ಚುಕಮ್ಮಿ ಒಂದೇ ಉತ್ತರ ಬರುವ ಹಾಗೆ ಮತ ಹಾಕಿಸಿದ್ದೇನೆ. "ಇದೇನು ಮಾರಾಯ, ಗ್ರಾಮ ಪಂಚಾಯ್ತಿ ಎಲೆಕ್ಷನ್ನಾ?" ಅಂತ ನಕ್ಕಿದ್ದ ನಮ್ಮ ಕೀಬೋರ್ಡಿನವನೇ ಮೊನ್ನೆ ಬಂದು ಮತದ ಡಬ್ಬಿ ಕೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸೌಂಡ್ಸ್ ಬಾಡಿಗೆ ಕೆಲಸ. ಜೊತೆಗೆ ನಾವು ಐದು ಜನ ಶನಿವಾರ ಹೋಂಸ್ಟೇಗಳಲ್ಲಿ ಹಾಡುತ್ತೇವೆ. ರಘು ಹಾಡುಗಳೇ ಜಾಸ್ತಿ. ರಘು ಥರ ಲುಂಗಿ, ಕಾಲಿಗೆ ಗೆಜ್ಜೆ ಎಲ್ಲಾ ನಮ್ಮ ಹುಡುಗನೂ ಕಟ್ಟಿಕೊಳ್ಳುತ್ತಾನೆ, ಕುಣಿಯೋಕೆ ಮಾತ್ರ ಬರಲ್ಲ. ಹಾಗಾಗಿ ಯಾವ ಹಾಡು ಮೊದಲು, ಯಾವುದು ಕೊನೆಗೆ ಅನ್ನೋದು ನನಗೆ ಸುಮ್ನೆ ಹರಟೆಯ ವಿಷಯ ಅಲ್ಲ, ದುಡ್ಡಿನ ವಿಷಯ.

ಮೊದಲು ಎಲ್ಲರೂ ಮಾಡುವ ಹಾಗೆ ವಾಟ್ಸಾಪ್ ಪೋಲ್ ಹಾಕಿದೆ. ಅದರಲ್ಲಿ ಹನ್ನೆರಡೇ ಆಯ್ಕೆ, ನನ್ನ ಹತ್ತಿರ ಹದಿನಾರು ಹಾಡು. ನಾಲ್ಕನ್ನು ನಾನೇ ಕಿತ್ತು ಹಾಕಿದೆ, ಅಲ್ಲಿಗೇ ಅರ್ಧ ಜಗಳ. ಇನ್ನರ್ಧ ಏನೆಂದರೆ, ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ, ಮುಂದೆ ಇರುವ ಹಾಡಿಗೇ ಹಿಂದಿನಿಂದ ಬಂದವರೂ ಒತ್ತುತ್ತಾರೆ. 'ಸೈಕೋ' ಚಿತ್ರದ ಮಾದೇಶ್ವರನ ಹಾಡು ಮೈಲಿಗಟ್ಟಲೆ ಮುಂದೆ. 2008ರಿಂದ ಪ್ರತಿ ಗಣಪತಿ ಪೆಂಡಾಲಲ್ಲೂ ಕೇಳಿದ ಹಾಡು, ಹೆಸರು ನೋಡಿದ ಕೂಡಲೇ ಬೆರಳು ಅಲ್ಲಿಗೇ ಹೋಗುತ್ತೆ. ಅದು ಕಿವಿಯ ಮತ ಅಲ್ಲ, ನೆನಪಿನ ಮತ.

ಎರಡನೇ ಸಲ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಚೀಟಿ ಹಂಚಿದೆ. ಐನೂರು ಚೀಟಿ, ಪ್ರಿಂಟಿಗೆ ಸಾವಿರದ ಎಂಟುನೂರೋ ಏನೋ ಆಯ್ತು. ಹದಿನಾರಕ್ಕೂ ನಂಬರ್ ಕೊಡಿ ಅಂದರೆ ಜನ ಒಂದು, ಎರಡು, ಮೂರು ಬರೆದು ಕೈ ಬಿಟ್ಟರು. ವಾಪಸ್ ಬಂದಿದ್ದು ನೂರನಲವತ್ತು ಇರಬಹುದು, ಅದರಲ್ಲೂ ಒಂದಷ್ಟರ ಮೇಲೆ ಇಡ್ಲಿ ಇಟ್ಟು ತಿಂದಿದ್ದರು.

ಮೂರನೆಯದು ಬಹುಮಾನದ ಹುಚ್ಚು. ಆನ್‌ಲೈನ್ ಫಾರಂ, ಮತ ಹಾಕಿದವರಲ್ಲಿ ಒಬ್ಬರಿಗೆ ಐದು ಸಾವಿರದ ಸ್ಪೀಕರ್. ಒಂದೇ ಮನೆಯಿಂದ ಮೂವತ್ತರ ಮೇಲೆ ಮತ ಬಂತು! ಜಿಮೇಲ್ ಖಾತೆ ಮಾಡೋಕೆ ಕಾಸು ಕೊಡಬೇಕಾ? ಸ್ಪೀಕರ್ ಹೋಗಿದ್ದೂ ಅದೇ ಮನೆಗೆ. ನನ್ನ ಹೆಂಡತಿ ಇವತ್ತಿಗೂ ಆ ಲೆಕ್ಕ ಮರೆತಿಲ್ಲ.

ಇದರ ಮಧ್ಯೆ ಇನ್ನೊಂದು ತಕರಾರು. ರಘು ಹಾಡಿದ ಷರೀಫರ ಪದಗಳೂ ಪಟ್ಟಿಯಲ್ಲಿದ್ದವು, ಅವು ರಘು ಹಾಡು ಹೇಗಾಗುತ್ತೆ ಅಂತ. 1889ರಲ್ಲೇ ತೀರಿಕೊಂಡ ಶಿಶುನಾಳ ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರು ನಮ್ಮ ಪಕ್ಕದ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್, ಅವರನ್ನು ಬಿಟ್ಟು ಮಾತಾಡ್ತೀಯಾ ಅಂತ ಹಿರಿಯರೊಬ್ಬರು ಜೋರಾಗಿಯೇ ಬೈದರು. ನಾನು ಒಂದು ನಿಯಮ ಮಾಡಿದೆ: ಮಾತು ಯಾರದ್ದಾದರೂ ಇರಲಿ, ಹಾಡಿದ ರೀತಿ, ಗಿಟಾರು, ಪಿಟೀಲು ರಘು ತಂಡದ್ದಾದರೆ ಲೆಕ್ಕಕ್ಕೆ. ಹಿರಿಯರು ಒಪ್ಪಲಿಲ್ಲ. ಆದರೂ ಬಂದು ಮತ ಹಾಕಿದರು.

ಈಗ ಡಬ್ಬಿಗೆ ಬರೋಣ. ಪಟ್ಟಿ ತೋರಿಸಲೇಬಾರದು. ಎರಡೇ ಹಾಡು, ಒಂದೊಂದು ನಿಮಿಷ ಕೇಳಿಸು, ಆಮೇಲೆ ಕೇಳು: ಇದೋ, ಅದೋ? ಇಷ್ಟೇ. ಪ್ರತಿಯೊಬ್ಬರಿಗೂ ಜೋಡಿಗೊಂದು ಕಾಫಿ ಬೀಜ. ಎರಡು ಡಬ್ಬಿ ತಟ್ಟೆಯಲ್ಲಿಟ್ಟು ಮಂಗಳಾರತಿ ತಿರುಗಿಸುವ ಹಾಗೆ ಸಾಲಿನಲ್ಲಿ ತಿರುಗಿಸುತ್ತೇವೆ. ಮುಷ್ಟಿ ಕಟ್ಟಿಕೊಂಡು ಎರಡೂ ಡಬ್ಬಿಗೆ ಕೈ ಹಾಕಬೇಕು, ಒಂದರಲ್ಲಿ ಮಾತ್ರ ಬೀಜ ಬಿಡಬೇಕು. ಪಕ್ಕದವನಿಗೆ ಗೊತ್ತಾಗಲ್ಲ. ಮೊದಲು ಗಾಜಿನ ಬಾಟಲಿ ಇಟ್ಟಿದ್ದೆ, ತುಂಬುತ್ತಿರುವುದು ಕಂಡು ಜನ ಅದಕ್ಕೇ ಹಾಕಿದರು. ತಗಡಿನ ಬಿಸ್ಕತ್ ಡಬ್ಬಿಗೆ ಬದಲಾಯಿಸಿದೆ. ಆಗ 'ಟಣ್' ಅಂತ ಸದ್ದು! ಒಳಗೆ ಹಳೇ ಪಂಚೆ ಚೂರು ಅಂಟಿಸಿದ ಮೇಲೆ ಸರಿಹೋಯ್ತು.

ಚೀಲಕ್ಕೆ ಇಪ್ಪತ್ತು ಸಾವಿರ ದಾಟಿದ ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಆಟಕ್ಕೆ ಹಾಕ್ತೀಯಾ ಅಂತ ಆಲ್ದೂರಿನ ತೋಟದ ಗೆಳೆಯ ಕೇಳಿದ. ಆದರೂ ಎರಡು ಕಿಲೋ ಕೊಟ್ಟ, ಪುಣ್ಯಾತ್ಮ. ಎಣಿಸೋದು ತಡ ಆಗುತ್ತೆ ಅಂತ ನಾನು ಜಾಣತನ ಮಾಡಿ ತೂಕ ಹಾಕಿದೆ. ಬಿಸಿಲಲ್ಲಿ ನೂರು ಬೀಜ ತೂಗಿದಾಗ ಇಪ್ಪತ್ತು ಗ್ರಾಂ ಹತ್ತಿರ ಇತ್ತು. ಅದೇ ಲೆಕ್ಕ ಇಟ್ಟುಕೊಂಡು ಜುಲೈ ಮಳೆಯಲ್ಲಿ ತೂಗಿದರೆ, ಕೂತಿದ್ದು ಐವತ್ನಾಲ್ಕು ಜನ, ತಕ್ಕಡಿ ಹೇಳಿದ್ದು ಐವತ್ತೆಂಟು. ಕಳ್ಳ ಮತ ಅಂತ ಗಲಾಟೆ ಶುರು. ಬೀಜ ತೇವ ಎಳೆದುಕೊಂಡಿತ್ತು, ಅಷ್ಟೇ. ಕಾಫಿ ಊರಲ್ಲಿ ಹುಟ್ಟಿ ಬೆಳೆದವನಿಗೆ ಅದು ಹೊಳೆಯಲಿಲ್ಲ ಅಂದರೆ ನಾಚಿಕೆ. ಈಗ ಕೈಯಲ್ಲೇ ಎಣಿಸ್ತೀವಿ. ಹೊರಗಿನ ಬೀಜ ಜೇಬಲ್ಲಿ ತಂದು ಹಾಕಿದರೆ ಕಂಡುಹಿಡಿಯೋಕೆ ನಾನು ಬೀಜಕ್ಕೆ ಒಂದು ಗುರುತು ಮಾಡುತ್ತೇನೆ. ಹೇಗೆ ಅಂತ ಹೇಳಲ್ಲ.

ಜೋಡಿ ಮಾಡೋದರಲ್ಲೂ ಪೆಟ್ಟು ತಿಂದೆ. ಮೊದಲ ಸಲ ನಾಕೌಟ್ ಇಟ್ಟೆ. ಮೊದಲ ಸುತ್ತಲ್ಲೇ ಮಾದೇಶ್ವರನ ಎದುರು 'ಗುಡುಗುಡಿಯ ಸೇದಿ ನೋಡೋ' ಬಿತ್ತು, ಒಳ್ಳೇ ಹಾಡು ಮನೆಗೆ ಹೋಯ್ತು, ಜನ ಎದ್ದು ನಿಂತರು. ಎಲ್ಲದಕ್ಕೂ ಎಲ್ಲದರ ಜೊತೆ ಲೀಗ್ ಆಡಿಸೋಣ ಅಂದರೆ ಹದಿನಾರಕ್ಕೆ ನೂರಿಪ್ಪತ್ತು ಪಂದ್ಯ, ಮೂರು ದಿನ ಉಪವಾಸ ಕೂರಬೇಕು. ಚೆಸ್ ಆಡುವ ನನ್ನ ಅಳಿಯ ದಾರಿ ತೋರಿಸಿದ: ಯಾರೂ ಹೊರಗೆ ಹೋಗಲ್ಲ, ಗೆದ್ದಿದ್ದು ಗೆದ್ದಿದ್ದರ ಜೊತೆ, ಸೋತಿದ್ದು ಸೋತಿದ್ದರ ಜೊತೆ, ನಾಲ್ಕು ಸುತ್ತು. ಮೂವತ್ತೆರಡು ಪಂದ್ಯದಲ್ಲಿ ಮುಗೀತು. ಎರಡು ಸಂಜೆ ಸಾಕು.

ಆದರೆ ನಿಜವಾದ ಗುಟ್ಟು ವಾಲ್ಯೂಮಿನಲ್ಲಿದೆ. ಸಿನಿಮಾ ಹಾಡಿನ ಫೈಲು ಜೋರಾಗಿರುತ್ತೆ, ಆಲ್ಬಂ ಹಾಡು ಮೆತ್ತಗಿರುತ್ತೆ. ಜನ ಜೋರಾಗಿದ್ದನ್ನೇ ಚೆನ್ನಾಗಿದೆ ಅಂತಾರೆ. ಸುಳ್ಳು ಅಂತೀರಾ? ಒಂದು ದಿನ ಯಾರಿಗೂ ಹೇಳದೆ 'ಅಂಬರ್' ಹಾಡನ್ನೇ ಎರಡು ಸಲ ಹಾಕಿದೆ, ಎರಡನೇದರ ಸದ್ದನ್ನು ಎರಡು ಡೆಸಿಬೆಲ್ ಏರಿಸಿ. ಬೇರೆ ಬೇರೆ ರೆಕಾರ್ಡಿಂಗ್ ಅಂದುಕೊಂಡು ಮೂವತ್ತೆಂಟು ಜನ ಎರಡನೇದಕ್ಕೆ ಹಾಕಿದರು! ಒಬ್ಬರಂತೂ "ಇದರಲ್ಲಿ ಭಾವ ಜಾಸ್ತಿ" ಅಂದರು. ಅವತ್ತಿಂದ ಹದಿನಾರನ್ನೂ ಸದ್ದು ಅಳೆಯುವ ಮೀಟರ್ ಇಟ್ಟು ಸಮ ಮಾಡಿದ್ದೇನೆ. ಎರಡನೇದಾಗಿ ಕೇಳಿದ ಹಾಡಿಗೂ ಸ್ವಲ್ಪ ಲಾಭ ಇದೆ ಅನ್ನಿಸಿ, ಹತ್ತಿರದ ಪಂದ್ಯಗಳನ್ನು ಹಿಂದುಮುಂದು ಮಾಡಿ ಮತ್ತೆ ಆಡಿಸ್ತೀನಿ. ಹಾಡಿನ ಯಾವ ನಿಮಿಷ ಕೇಳಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಫಲಿತಾಂಶ? 'ಲೋಕದ ಕಾಳಜಿ' ಮೊದಲು. ಕೊನೇ ಪಂದ್ಯದಲ್ಲಿ 29ಕ್ಕೆ 25, 'ಮುಂಜಾನೆ ಮಂಜಲ್ಲಿ' ಎದುರು. ಹೊರಗೆ ಮಂಜು ಕಿಟಕಿಗೆ ಬಂದು ನಿಂತಿದ್ದರೂ ಸೋತಿತು ಪಾಪ. ಮಾದೇಶ್ವರ ನಾಲ್ಕನೇ ಜಾಗಕ್ಕೆ ಇಳಿದ. ಮೂರನೇದು ಯಾರೂ ಎಣಿಸಿರದ ಇಂಗ್ಲಿಷ್ ಹಾಡು, 'ನೋ ಮ್ಯಾನ್ ವಿಲ್ ಎವರ್ ಲವ್ ಯೂ'. ಪಟ್ಟಿಯಲ್ಲಿ ಬರೆದಿದ್ದರೆ ಅದಕ್ಕೆ ಎರಡು ಮತ ಬರುತ್ತಿತ್ತೋ ಇಲ್ಲವೋ. 'ಮೈಸೂರ್ ಸೇ ಆಯಿ' ಕೆಳಗೆ ಹೋಗಿದ್ದಕ್ಕೆ ನನಗೇ ಬೇಜಾರು, ನಾನು ಹಾಕಿದ ಬೀಜ ಅಲ್ಲೇ ಇತ್ತು.

ಅದೃಷ್ಟ ಅಂದರು. ಸರಿ ಅಂತ ಮೂರು ತಿಂಗಳು ಬಿಟ್ಟು ಹಾಸನದಲ್ಲಿ ಗೆಳೆಯನ ತಾರಸಿ ಮೇಲೆ ನಲವತ್ತು ಚಿಲ್ಲರೆ ಹೊಸ ಜನರನ್ನು ಕೂರಿಸಿ ಮತ್ತೆ ಮಾಡಿದೆ. ಮೊದಲ ನಾಲ್ಕರಲ್ಲಿ ಮೂರು ಅವೇ. ಮೊದಲನೇದೂ ಅದೇ.

ಚಿಕ್ಕಮಗಳೂರಿನ ಎರಡು ಸಂಜೆಗೆ ಹಾಲ್ ಬಾಡಿಗೆ ಏಳು ಸಾವಿರ, ವಡೆ ಕಾಫಿ ನಾಲ್ಕೂವರೆ, ಕರೆಂಟ್ ಹೋಗಿದ್ದಕ್ಕೆ ಡೀಸೆಲ್ ಎಂಟುನೂರು. ತಲೆಗೆ ನೂರರಂತೆ ಬಂದಿದ್ದು ಐದು ಸಾವಿರದ ನಾನೂರು. ಉಳಿದಿದ್ದು ಕೈಯಿಂದ. ಆದರೆ ಅದೇ ಕ್ರಮದಲ್ಲಿ ಹಾಡೋಕೆ ಶುರು ಮಾಡಿದ ಮೇಲೆ ಹೋಂಸ್ಟೇಯವರು ಒಂದು ರಾತ್ರಿಗೆ ಹದಿನೈದರಿಂದ ಇಪ್ಪತ್ತೆರಡು ಸಾವಿರಕ್ಕೆ ಏರಿಸಿದ್ದಾರೆ. ಕೀಬೋರ್ಡಿನವನಿಗೂ ಅದರಲ್ಲಿ ಪಾಲಿದೆ, ಹಾಗಾಗಿ ಈಗ ನಗಲ್ಲ.

ಬೀಜವನ್ನು ಹುರಿದು ಕುಡಿಯೋಣ ಅಂದರೆ ಅಮ್ಮ ಒಪ್ಪಲಿಲ್ಲ, ನೂರು ಜನರ ಕೈ ಮುಟ್ಟಿದ್ದು ಅಂತ. ಮುಂದಿನ ಸಲ ಆಲ್ಬಂ ರೆಕಾರ್ಡಿಂಗ್ ಎದುರು ವೇದಿಕೆ ಮೇಲೆ ಹಾಡಿದ್ದನ್ನು ನಿಲ್ಲಿಸಬೇಕು ಅಂತಿದೆ. ಚಪ್ಪಾಳೆ ಸದ್ದು ಕತ್ತರಿಸೋದು ಹೇಗೆ ಅಂತ ಇನ್ನೂ ಒದ್ದಾಡ್ತಿದ್ದೀನಿ, ಯಾರಾದರೂ ಮಾಡಿದ್ದರೆ ಹೇಳಿ.